ಎಂಟು ವರ್ಷ ನಾನೇ ಕಾರಣವಾಗಿದ್ದೆ

2004ನೇ ಇಸವಿಯ ಮಾತು. ನಾವು ರಾಯಚೂರು ಕಡೆಯವರು. ನನ್ನ ಗಂಡ ಹೈದರಾಬಾದಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಕುಷಾಯಿಗೂಡದ ಬಾಡಿಗೆ ಮನೆಯಲ್ಲಿ ನಾವಿಬ್ಬರು, ಮಗಳು ಅಶ್ವಿನಿ, ನಮ್ಮ ಅತ್ತೆ ಇದ್ದೆವು. ಆಗ ಊರಿಗೆಲ್ಲ ಕಂಪ್ಯೂಟರ್ ಕೆಲಸದ ಹುಚ್ಚು ಹಿಡಿದಿತ್ತು. ನಾನೂ ಆರು ತಿಂಗಳ ಕೋರ್ಸ್ ಮುಗಿಸಿ ಸಿಕಂದರಾಬಾದಿನ ಒಂದು ಆಫೀಸಿಗೆ ಸೇರಿದ್ದೆ. ಅಮೆರಿಕದ ಡಾಕ್ಟರುಗಳು ರೋಗಿಗಳ ವಿವರವನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳುತ್ತ ಟೈಪ್ ಮಾಡುವುದು ನಮ್ಮ ಕೆಲಸ.

ಅಶ್ವಿನಿಗೆ ಆಗ ಎಂಟು ವರ್ಷ, ಮೂರನೇ ಕ್ಲಾಸು. ತುಂಟಿಯಲ್ಲ, ಹಟಮಾರಿಯೂ ಅಲ್ಲ. ಆದರೆ ಯಾವುದರ ಮೇಲೂ ಅವಳ ಗಮನ ನಿಲ್ಲುತ್ತಿರಲಿಲ್ಲ. ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲೇ ಹಿಡಿದು ಗೋಡೆಯ ಮೇಲಿನ ಹಲ್ಲಿ ನೋಡುತ್ತ ಕೂತುಬಿಡುತ್ತಿದ್ದಳು. ಎರಡು ತಿಂಗಳಲ್ಲಿ ಮೂರು ಟಿಫಿನ್ ಡಬ್ಬಿ ಕಳೆದಳು. ಪರೀಕ್ಷೆಯಲ್ಲಿ ನಾಲ್ಕು ಪ್ರಶ್ನೆಗೆ ಸರಿಯಾಗಿ ಉತ್ತರ ಬರೆದು ಐದನೆಯದರ ಜಾಗದಲ್ಲಿ ನವಿಲು ಬಿಡಿಸಿದ್ದಳು. ಟೀಚರ್ ಡೈರಿಯಲ್ಲಿ ‘ಸೋಮಾರಿ’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಅಂಥ ದಿನ ಅವಳ ಅಪ್ಪ ಕಿವಿ ಹಿಂಡುತ್ತಿದ್ದರು. ಕಿವಿ ಸಂಜೆಯವರೆಗೂ ಕೆಂಪಗಿರುತ್ತಿತ್ತು.

ಹುಡುಗಿ ಯಾಕೆ ಹೀಗೆ ಅನ್ನುವುದಕ್ಕೆ ಮನೆಯಲ್ಲಿ ಎಲ್ಲರ ಹತ್ತಿರವೂ ಉತ್ತರವಿತ್ತು. ನಾನು ಬಸುರಿ ಇದ್ದಾಗ ಸೂರ್ಯಗ್ರಹಣದ ಹೊತ್ತಿನಲ್ಲಿ ಚವಳಿಕಾಯಿ ಹೆಚ್ಚಿದ್ದೆ, ಅದೇ ಕಾರಣ ಅಂತ ಅತ್ತೆ. ನಾನು ಕೆಲಸಕ್ಕೆ ಹೋಗುವುದು, ಅವಳು ಟಿವಿ ನೋಡುವುದು ಕಾರಣ ಅಂತ ಗಂಡ. ನಾನು ಚಾಕೊಲೇಟ್ ಕೊಟ್ಟು ಕೆಡಿಸಿದೆ ಅಂತ ನಾದಿನಿ. ಯಾರ ಉತ್ತರ ಹಿಡಿದರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ನನ್ನ ಮೇಲೇ. ಅತ್ತೆ ಇದನ್ನು ಹಾಲು ತರುವವಳಿಗೆ, ಪಕ್ಕದ ಮನೆಯ ತೆಲುಗು ಆಂಟಿಗೆ, ತರಕಾರಿ ಗಾಡಿಯವನಿಗೂ ತಮಗೆ ಬಂದ ಹಿಂದಿಯಲ್ಲಿ ಹೇಳಿದ್ದರು.

ನಾನು ತಿರುಗಿ ಮಾತಾಡುತ್ತಿರಲಿಲ್ಲ. ಯಾಕೆಂದರೆ ನನ್ನದೂ ಒಂದು ಉತ್ತರವಿತ್ತು, ಯಾರಿಗೂ ಹೇಳದ್ದು. ಅಶ್ವಿನಿ ಎಂಟು ತಿಂಗಳ ಕೂಸಾಗಿದ್ದಾಗ ನಾನು ಬಾಗಿಲು ತೆಗೆಯಲು ಹೋದ ಒಂದು ನಿಮಿಷದಲ್ಲಿ ಮಂಚದಿಂದ ಉರುಳಿ ಬಿದ್ದಿತ್ತು. ತಲೆಯ ಹಿಂದೆ ಸಣ್ಣ ಬೋರೆ ಎದ್ದಿತ್ತು. ಮರುದಿನ ಅದೂ ಇಳಿಯಿತು. ಆದರೆ ಮಗಳು ಒಂದೊಂದು ಸಲ ಮರೆತಾಗಲೂ ನನಗೆ ಆ ಮಂಚ ಕಣ್ಣಿಗೆ ಕಟ್ಟುತ್ತಿತ್ತು.

ಒಂದು ಶುಕ್ರವಾರ ಆಫೀಸಿನಲ್ಲಿ ಒಂದು ರೆಕಾರ್ಡಿಂಗ್ ಬಂತು. ಯಾವುದೋ ಊರಿನ ಯಾವುದೋ ಹುಡುಗಿಯ ಬಗ್ಗೆ. ಮಾತಾಡಿಸಿದರೆ ಬೇರೆ ಲೋಕದಿಂದ ಎದ್ದು ಬಂದವಳಂತೆ ನೋಡುತ್ತಾಳೆ, ಸಾಮಾನು ಕಳೆಯುತ್ತಾಳೆ, ಹಿಡಿದ ಕೆಲಸ ಮುಗಿಸುವುದಿಲ್ಲ, ಬುದ್ಧಿಗೆ ಏನೂ ಕೊರತೆಯಿಲ್ಲ ಅಂತ ಆ ಡಾಕ್ಟರು ಒಂದೇ ಸಮ ಹೇಳಿಕೊಂಡು ಹೋದರು. ನನ್ನ ಬೆರಳು ನಿಂತುಹೋದವು. ಮೂರು ಸಲ ಹಿಂದಕ್ಕೆ ಹೋಗಿ ಕೇಳಿದೆ. ಇದು ಗಮನಕ್ಕೆ ಸಂಬಂಧಿಸಿದ ತೊಂದರೆ, ಇದಕ್ಕೊಂದು ಹೆಸರಿದೆ, ಡಾಕ್ಟರಿದ್ದಾರೆ ಅಂತ ನನಗೆ ಗೊತ್ತಾದದ್ದು ಅವತ್ತು. ಪಕ್ಕದ ಸೀಟಿನ ಗೆಳತಿ ಮೆಹದಿಪಟ್ಟಣಂ ಕಡೆ ಇಂಥ ಮಕ್ಕಳನ್ನು ನೋಡುವ ಲೇಡಿ ಡಾಕ್ಟರ್ ಒಬ್ಬರ ವಿಳಾಸ ಕೊಟ್ಟಳು.

ಮನೆಯಲ್ಲಿ ಹೇಳಿದರೆ ಗಂಡ ನಕ್ಕುಬಿಟ್ಟರು. “ನೀ ಮನ್ಯಾಗ ಕುಂದ್ರು, ಎಲ್ಲಾ ತಾನಽ ನೆಟ್ಟಗಾಕ್ಕೈತಿ” ಅಂದರು. ಭಾನುವಾರ ಅಶ್ವಿನಿಯ ತಲೆ ಬಾಚುತ್ತಿದ್ದಾಗ ಅವಳು ಕೇಳಿದಳು: “ಅಮ್ಮಾ, ನೀ ಗ್ರಹಣದಾಗ ಚವಳಿಕಾಯಿ ಹೆಚ್ಚಿದ್ದಕ್ಕ ನಾ ಕೆಟ್ಟಕಿ ಆಗೀನೇನು?”

ಹಣಿಗೆ ಅವಳ ಕೂದಲಲ್ಲೇ ಬಿಟ್ಟು ಎದ್ದೆ. ಗಂಡ ಪೇಪರ್ ಓದುತ್ತಿದ್ದರು. ಅತ್ತೆ ಅಕ್ಕಿ ಆರಿಸುತ್ತಿದ್ದರು. “ನಾಳಿಗೆ ನಾಲ್ಕೂ ಮಂದಿ ಆ ಡಾಕ್ಟರ್ ಹತ್ರ ಹೋಗೂಣು. ತಪ್ಪು ನಂದಽ ಐತಿ ಅಂತ ಅವರು ಹೇಳಿದ್ರ ಅವತ್ತಽ ಕೆಲಸ ಬಿಡತೀನಿ. ಮತ್ತ ಬಾಯಿ ತೆಗಿಯೂದಿಲ್ಲ” ಅಂದೆ. ಅವರಿಬ್ಬರೂ ಬಂದದ್ದು ಈ ಮಾತಿಗೇ. ನನ್ನ ತಪ್ಪನ್ನು ಡಾಕ್ಟರ ಬಾಯಿಂದ ಕೇಳುವ ಆಸೆಗೆ ಅತ್ತೆ ಟ್ರಂಕಿನಲ್ಲಿಟ್ಟಿದ್ದ ಒಳ್ಳೆಯ ಸೀರೆ ಉಟ್ಟಿದ್ದರು.

ಡಾಕ್ಟರು ನಡುವಯಸ್ಸಿನ ತೆಲುಗು ಹೆಂಗಸು, ನಮ್ಮ ಜೊತೆ ಮಾತೆಲ್ಲ ಹಿಂದಿಯಲ್ಲಿ. ಅಶ್ವಿನಿಯ ಜೊತೆ ಬಹಳ ಹೊತ್ತು ಮಾತಾಡಿದರು, ಬರೆಸಿದರು, ಶಾಲೆಯ ಡೈರಿ ನೋಡಿದರು. ಆಮೇಲೆ ಅವಳನ್ನು ಹೊರಗೆ ಆಟಕ್ಕೆ ಕಳಿಸಿ ನಮ್ಮ ಕಡೆ ತಿರುಗಿ, ಇದು ಗಮನದ ತೊಂದರೆಯೇ ಅಂದರು. ಹೇಗೂ ಎಲ್ಲ ತೀರ್ಮಾನವಾಗಲಿ ಅಂತ ನಾನು ಮಂಚದ ಸಂಗತಿಯನ್ನೂ ಹೇಳಿಬಿಟ್ಟೆ.

“ನೋಡಿದ್ಯಾ? ನಮಗ ಹೇಳೇ ಇಲ್ಲ ಈಕಿ!” ಅಂತ ಅತ್ತೆ ಮಗನ ಮೊಣಕೈ ತಿವಿದರು.

ಡಾಕ್ಟರು ಕೇಳಿದ್ದು ಎರಡೇ ಪ್ರಶ್ನೆ. ಆಗ ಮಗು ಎಚ್ಚರ ತಪ್ಪಿತ್ತಾ? ವಾಂತಿ ಮಾಡಿಕೊಂಡಿತ್ತಾ? ಎರಡೂ ಇಲ್ಲ ಅಂದೆ. “ಹಾಗಾದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲಮ್ಮಾ. ಅದನ್ನ ಇವತ್ತೇ ಬಿಟ್ಟುಬಿಡಿ” ಅಂದರು. ಗ್ರಹಣವನ್ನೂ ಚಾಕೊಲೇಟನ್ನೂ ನನ್ನ ಕೆಲಸವನ್ನೂ ಹಾಗೆಯೇ ಒಂದೊಂದಾಗಿ ಪಕ್ಕಕ್ಕಿಟ್ಟರು. ಆಮೇಲೆ, ಮನೆಯಲ್ಲಿ ಬೇರೆ ಯಾರಾದರೂ ಚಿಕ್ಕವರಿದ್ದಾಗ ಹೀಗೆ ಇದ್ದರಾ ಅಂತ ಕೇಳಿದರು. ನನ್ನ ಗಂಡ ಕಿಟಕಿಯ ಕಡೆ ನೋಡಿದರು.

ಅತ್ತೆಯ ಮುಖ ಅರಳಿತು. ಮಗನನ್ನು ತೋರಿಸಿ, “ಯೇಚ್ ಥಾ ನಾ ಅಮ್ಮಾ! ಇವನಽ ಇದ್ದ!” ಅಂದರು. ಆಮೇಲೆ ಹಿಂದಿ ಸಾಲದೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಶುರು ಮಾಡಿದರು. “ಸಾಲ್ಯಾಗ ಒಂದ್ ತಾಸು ಕುಂದರತಿದ್ದಿಲ್ಲ. ವರ್ಷಕ್ಕ ನಾಲ್ಕು ಪಾಟಿ ಕಳೀತಿದ್ದ. ಎತ್ತು ಮೇಯಸಾಕ ಕಳಿಸಿದ್ರ ಎತ್ತು ಅಲ್ಲೇ ಬಿಟ್ಟು ಬರತಿದ್ದ. ಇವರಪ್ಪ ಕಂಬಕ್ಕ ಕಟ್ಟಿ ಓದಸತಿದ್ರು. ಹೇಳು, ಡಾಕ್ಟರಿಗೆ ಹೇಳು!”

ಹಳೆಯ ನೆನಪಿಗೆ ಅವರಿಗೆ ಪ್ರೀತಿ ಉಕ್ಕಿತ್ತು. ಅದನ್ನೆಲ್ಲ ಹಿಂದಿಯಲ್ಲಿ ಡಾಕ್ಟರಿಗೆ ತಿಳಿಸಬೇಕಾದವಳು ನಾನು. ಒಂದೊಂದೇ ಮಾತು ತಿಳಿಸುತ್ತ ಹೋದಂತೆ ನನ್ನ ಮೈ ಬಿಸಿಯಾಯಿತು. ಇವರಿಗೆ ಗೊತ್ತಿತ್ತು. ಇಬ್ಬರಿಗೂ ಮೊದಲಿನಿಂದ ಗೊತ್ತಿತ್ತು.

ಡಾಕ್ಟರು ತಲೆಯಾಡಿಸಿ, ಇದು ಎಷ್ಟೋ ಮನೆಗಳಲ್ಲಿ ಹೀಗೆ ರಕ್ತದಲ್ಲೇ ಬರುತ್ತದೆ, ಯಾರ ತಪ್ಪೂ ಅಲ್ಲ ಅಂದರು. ಎದ್ದು ಹೊರಡುವಾಗ ನನ್ನ ಕೈ ಹಿಡಿದು, “ನಿಮ್ಮ ತಪ್ಪಂತೂ ಅಲ್ಲವೇ ಅಲ್ಲ” ಅಂತ ಇನ್ನೊಮ್ಮೆ ಹೇಳಿದರು.

ಮೆಹದಿಪಟ್ಟಣಂ ಬಸ್ ಸ್ಟಾಪಿಗೆ ಬಂದೆವು. ಅಶ್ವಿನಿ ಅಜ್ಜಿಯ ಜೊತೆ ಬಾಳೆಹಣ್ಣಿನ ಗಾಡಿಯ ಹತ್ತಿರ ನಿಂತಿದ್ದಳು. ಆಗ ಗಂಡ ದನಿ ತಗ್ಗಿಸಿ ಹೇಳಿದರು: “ಇದನ್ನ ಯಾರ ಮುಂದೂ ಹೇಳಾಕ ಹೋಗಬ್ಯಾಡ. ಫ್ಯಾಕ್ಟರಿಯಾಗ ಗೊತ್ತಾದ್ರ ನಗತಾರ.”

ಅಲ್ಲಿಯವರೆಗೆ ತಡೆದುಕೊಂಡಿದ್ದೆ. ಇನ್ನು ಆಗಲಿಲ್ಲ. “ನನ್ನ ತಪ್ಪು ಅಂತಿದ್ದಾಗ ಇಡೀ ಕಾಲೋನಿಗೆ ಡಂಗುರ ಹೊಡೆದ್ರಲ್ರಿ! ಹಾಲಿನಾಕಿಗೆ ಗೊತ್ತೈತಿ, ತರಕಾರಿಯಾವಗ ಗೊತ್ತೈತಿ! ಈಗ ನಿಮ್ಮ ಕಡಿಂದ ಬಂದೈತಿ ಅಂದ ಕೂಡ್ಲೆ ಮುಚ್ಚಿಡಬೇಕೇನು? ಕಂಬಕ್ಕ ಕಟ್ಟಿಸಿಕೊಂಡಾವ್ರು ನೀವು. ಆ ಕೂಸಿನ ಕಿವಿ ಹಿಂಡೂ ಮುಂದ ಅದು ನೆನಪಾಗಲಿಲ್ಲೇನು ನಿಮಗ?”

ಇಷ್ಟನ್ನೂ ಕೂಗಿಯೇ ಹೇಳಿದೆ. ಮೆಹದಿಪಟ್ಟಣಂನಲ್ಲಿ ಯಾರಿಗೆ ಕನ್ನಡ ತಿಳಿಯಬೇಕು ಅಂದುಕೊಂಡಿದ್ದೆ. ಆದರೆ ನಮ್ಮ ಹಿಂದೆಯೇ ಕಟ್ಟಡ ಕೆಲಸದ ಹೆಂಗಸರು ಬುಟ್ಟಿ ಹಿಡಿದು ಬಸ್ಸಿಗೆ ಕಾಯುತ್ತ ಕೂತಿದ್ದರು, ಯಾದಗಿರಿ ಕಡೆಯವರು. ಅವರಲ್ಲಿ ಒಬ್ಬಳು, “ಹೇಳ್ರಿ ಅಕ್ಕಾ, ಬಿಡಬ್ಯಾಡ್ರಿ. ನಮ್ಮ ಮನ್ಯಾಗೂ ಹಿಂಗಽ” ಅಂದಳು. ನನ್ನ ಗಂಡ ನಾಲ್ಕು ಹೆಜ್ಜೆ ಆಚೆ ಹೋಗಿ ನಿಂತರು. ನನಗೆ ನಾಚಿಕೆಯಾಗಲಿಲ್ಲ. ಇವತ್ತಿಗೂ ಆಗಿಲ್ಲ.

ಮನೆ ಮುಟ್ಟಿದ ಸಂಜೆ ಪಕ್ಕದ ಆಂಟಿಯ ಮನೆಗೆ ಹೋಗಿ ಡಾಕ್ಟರು ಹೇಳಿದ್ದನ್ನೆಲ್ಲ ಬಾಯಿ ತುಂಬ ಹೇಳಿ ಬಂದೆ. ಗಂಡ ಎಂಟು ದಿನ ಮಾತು ಬಿಟ್ಟರು. ಆದರೆ ಮಗಳ ಕಿವಿಗೆ ಮತ್ತೆಂದೂ ಕೈ ಹಾಕಲಿಲ್ಲ. ಶಾಲೆಯವರು ಅಶ್ವಿನಿಯನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದರು. ಹೋಂವರ್ಕನ್ನು ತುಂಡು ತುಂಡಾಗಿ ಮಾಡಿಸಿದೆ, ಡಾಕ್ಟರು ಕೊಟ್ಟ ಔಷಧವನ್ನು ಕೆಲವು ವರ್ಷ ಕೊಟ್ಟೆ. ಈಗ ಅವಳು ಲ್ಯಾಬ್ ಟೆಕ್ನಿಷಿಯನ್. ಸ್ಕೂಟರಿನ ಕೀ ವಾರಕ್ಕೊಮ್ಮೆ ಹುಡುಕುತ್ತಾಳೆ, ಅದಿರಲಿ.

ಎಷ್ಟೋ ವರ್ಷದ ಮೇಲೆ ಒಂದು ದಿನ ಗಂಡ ಗಡ್ಡ ಮಾಡಿಕೊಳ್ಳುತ್ತ, ಕನ್ನಡಿಯಲ್ಲೇ ನನ್ನನ್ನು ನೋಡಿ ಕೇಳಿದರು: “ಅಶ್ವಿನಿದು ಇತ್ತಲ್ಲ, ಅದು ದೊಡ್ಡವರಿಗೂ ಇರತೈತೇನು?” ಇರುತ್ತದೆ ಅಂದೆ. ಅವತ್ತು ಅವರ ಮೇಲಿನ ಕೋಪ ಅರ್ಧ ಇಳಿಯಿತು. ಕಂಬಕ್ಕೆ ಕಟ್ಟಿಸಿಕೊಂಡ ಹುಡುಗನಿಗೆ ಇದು ನಿನ್ನ ತಪ್ಪಲ್ಲ ಅಂತ ಹೇಳುವವರು ಯಾರೂ ಇರಲಿಲ್ಲವಲ್ಲ.

ಉಳಿದರ್ಧ ಹಾಗೇ ಇದೆ. ಅತ್ತೆ ತೀರಿಕೊಂಡು ಈಗ ಆರು ವರ್ಷ. ಕೊನೆಯವರೆಗೂ ಅವರನ್ನು ನಾನೇ ನೋಡಿಕೊಂಡೆ, ಉಣ್ಣಿಸಿದೆ, ಕಾಲು ಒತ್ತಿದೆ. ನಿನ್ನ ತಪ್ಪಲ್ಲವ್ವಾ ಅನ್ನುವ ಒಂದು ಮಾತಿಗೆ ಒಳಗೊಳಗೇ ಕಾದೆ. ನಮ್ಮ ಮನೆಯಲ್ಲಿ ಅದನ್ನು ಇವತ್ತಿನವರೆಗೂ ಯಾರೂ ಹೇಳಿಲ್ಲ. ಹೇಳಿದ್ದು, ನನ್ನ ಕೈ ಹಿಡಿದು, ಅದೇ ದಿನ ಪರಿಚಯವಾದ ಒಬ್ಬ ಡಾಕ್ಟರು ಮಾತ್ರ.