ಪ್ರಕಟಿಸುವುದಿಲ್ಲ ಎಂದು ಬರೆದಿದ್ದೆ

ನಿನ್ನ ಬಿಳಿ ಮಚ್ಚೆಯ ವಿಷಯ ಕುಣಿಗಲ್‌ನವರಿಗೆ ಗೊತ್ತಾದದ್ದು ನನ್ನಿಂದ. ನಿನ್ನ ಚಿಕ್ಕಮ್ಮನಿಂದಲ್ಲ. ಇದನ್ನು ನಿನಗೆ ಫೋನಿನಲ್ಲಿ ಹೇಳಿಯಾಗಿದೆ — ಆದರೆ ನಾನು ಮಾತು ಕೊಟ್ಟದ್ದು ಈ ಬ್ಲಾಗಿನಲ್ಲಿ, ಹಾಗಾಗಿ ಮುರಿದದ್ದನ್ನೂ ಇಲ್ಲೇ ಒಪ್ಪಿಕೊಳ್ಳಬೇಕು. ಊರುಗಳ ಹೆಸರು ಹಾಕಲೇ ಎಂದು ನಾನು ಕೇಳಿದಾಗ ನೀನು, "ಹಾಕಿ ಮೇಡಂ, ಈಗ ಮುಚ್ಚಿಡೋಕೆ ಏನಿದೆ" ಎಂದೆ. ನಿನ್ನ ಹೆಸರನ್ನು ಮಾತ್ರ ಹಾಕುವುದಿಲ್ಲ.

ನನ್ನ ಎರಡೂ ಕೈಗಳಲ್ಲಿ ತೊನ್ನಿದೆ. ತುಮಕೂರಿನ ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿನಲ್ಲಿದ್ದಾಗ ಜನ ನೋಟಿನ ತುದಿ ಹಿಡಿದು ಎಳೆದುಕೊಳ್ಳುತ್ತಿದ್ದರು, ಎಲ್ಲಿ ಬೆರಳು ತಾಗೀತೋ ಎಂದು. ಆ ಸಿಟ್ಟಿಗೇ ಈ ಬ್ಲಾಗ್ ಶುರು ಮಾಡಿದ್ದು. ಓದಿದವರು ತಮ್ಮ ಕಥೆ ಬರೆಯತೊಡಗಿದರು. ಬರೆಯಬೇಕಾದರೆ ಹೆಸರು, ಇಮೇಲ್ ಹಾಕಬೇಕಿತ್ತು. ಕೆಳಗೆ 'ಇಮೇಲ್ ವಿಳಾಸವನ್ನು ಪ್ರಕಟಿಸುವುದಿಲ್ಲ' ಎಂಬ ಸಾಲು. ಖಾಸಗಿತನದ ನೀತಿ ಎಂದು ಒಂದು ಪುಟವೂ ಇತ್ತು. ಯಾರದೋ ಬ್ಲಾಗಿನಿಂದ ಎತ್ತಿ, ಅವರ ಹೆಸರಿದ್ದಲ್ಲಿ ನನ್ನ ಹೆಸರು ಕೂರಿಸಿ, ಓದದೆಯೇ ಹಾಕಿದ್ದೆ. ಓದದೆ ಸಹಿ ಹಾಕಬೇಡಿ ಎಂದು ಗಿರಾಕಿಗಳಿಗೆ ದಿನವಿಡೀ ಬುದ್ಧಿ ಹೇಳುತ್ತಿದ್ದವಳು ನಾನು!

ನೀನು ಬರೆಯುತ್ತಿದ್ದದ್ದು 'ಕನಕಾಂಬರ' ಎಂಬ ಹೆಸರಿನಲ್ಲಿ. ಬೆನ್ನ ಮೇಲೆ ಅಂಗೈಯಗಲದ ಮಚ್ಚೆ, ರವಿಕೆಯೊಳಗೆ ಮುಚ್ಚಿಹೋಗುತ್ತದೆ, ಅಮ್ಮನಿಗೂ ಚಿಕ್ಕಮ್ಮನಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ — ಎಂದು ಬರೆದಿದ್ದೆ. ಓದುಗರಿಗೆ ಕಂಡದ್ದು ಹೂವಿನ ಹೆಸರು ಮಾತ್ರ. ನನಗೆ ಇಮೇಲ್ ಕಾಣುತ್ತಿತ್ತು. ಅದರಲ್ಲಿ ನಿನ್ನ ಹೆಸರು, ನಿಮ್ಮಪ್ಪನ ಹೆಸರು, ನಿಮ್ಮೂರು ಗುಬ್ಬಿ, ಎಲ್ಲವೂ ಇತ್ತು. ಸಂಜೆ ಕಾಫಿ ಹಿಡಿದು ಕೂತು ಆ ವಿಳಾಸಗಳನ್ನು ನೋಡುವುದು, ಇವರು ಯಾರ ಮನೆಯವರಿರಬಹುದು ಎಂದು ಹೊಂದಿಸುವುದು ನನಗೊಂದು ಚಟವಾಗಿತ್ತು. ನಮ್ಮ ಕಡೆ ಎದುರಿಗಿರುವವರು ಯಾರ ಪೈಕಿ ಎಂದು ಗೊತ್ತಾಗುವವರೆಗೆ ಕೂತ ಜಾಗದಲ್ಲಿ ಕೂರಲಾಗುವುದಿಲ್ಲವಲ್ಲ. ಅದನ್ನು ನಾನು ಅಕ್ಕರೆ ಎಂದುಕೊಂಡಿದ್ದೆ — ಬರೀ ಇಣುಕುಬುದ್ಧಿ ಅದು.

ಬ್ಯಾಂಕಿನಲ್ಲಿ ನನ್ನ ಜೊತೆಗಿದ್ದ ಕುಣಿಗಲ್‌ನ ಗೆಳತಿ ಒಂದು ಭಾನುವಾರ ಮನೆಗೆ ಬಂದಳು. ಅವಳ ಅಣ್ಣನ ಮಗನಿಗೆ ನಿನ್ನ ಜಾತಕ ಬಂದಿತ್ತು. ಹೆಣ್ಣು ನೋಡಲು ಹೋಗುವ ಮುಂಚೆ ಗೊತ್ತಿರುವವರಲ್ಲಿ ವಿಚಾರಿಸುವುದು ಎಲ್ಲರೂ ಮಾಡುವುದೇ.

"ಗುಬ್ಬಿ ಕಡೆ ಹುಡ್ಗಿ ಕಣೆ. ನಿಂಗೇನಾದ್ರೂ ಗೊತ್ತಾ?" ಎಂದು ನಿನ್ನ ಹೆಸರು, ನಿಮ್ಮಪ್ಪನ ಹೆಸರು ಹೇಳಿದಳು.

ನನಗೆ ಖುಷಿಯೋ ಖುಷಿ. ನಿನಗೆ ಒಳ್ಳೆಯ ಮಾತು ಹೇಳುವ ಅವಕಾಶ ಸಿಕ್ಕಿತೆಂದು —

"ಅಯ್ಯೋ, ಗೊತ್ತು ಕಣೆ. ನನ್ನ ಬ್ಲಾಗ್ ಓದ್ತಾಳೆ. ಎಷ್ಟ್ ಚೆನ್ನಾಗ್ ಬರೀತಾಳೆ ಗೊತ್ತಾ?"

ಅವಳು ನನ್ನ ಕೈ ನೋಡಿದಳು. ನನ್ನ ಬ್ಲಾಗನ್ನು ಎಂಥವರು ಓದುತ್ತಾರೆಂದು ಅವಳಿಗೆ ಗೊತ್ತಿತ್ತು. "ಹೌದಾ" ಎಂದು ಲೋಟ ಕೆಳಗಿಟ್ಟಳು. ಅಷ್ಟೇ. ಇಮೇಲನ್ನು ನಾನು ಪ್ರಕಟಿಸಲಿಲ್ಲ, ಮಚ್ಚೆ ಎಂಬ ಪದವನ್ನೂ ಆಡಲಿಲ್ಲ. ಆದರೂ ಎಲ್ಲವನ್ನೂ ಹೇಳಿಬಿಟ್ಟಿದ್ದೆ. ಅದು ಆಗಲೇ ನನಗೆ ಗೊತ್ತಾಯಿತು — ಆಮೇಲೆ ಗೊತ್ತಾಯಿತು ಎನ್ನುವ ಸುಳ್ಳು ಬೇಡ.

ಸಂಬಂಧ ಮುರಿಯಿತು. ಸ್ವಲ್ಪ ದಿನಕ್ಕೆ ನೀನು ಮತ್ತೆ ಬರೆದೆ: ಚಿಕ್ಕಮ್ಮನೇ ಹೇಳಿರಬೇಕೆಂದು ಅಮ್ಮ ಅವರಿಗೆ ಮನೆ ಬಾಗಿಲು ಮುಚ್ಚಿದ್ದಾಳೆ, ಅಕ್ಕತಂಗಿಯರ ಮಾತು ನಿಂತಿದೆ ಎಂದು. ಅದರ ಕೆಳಗೆ ನಾನು ಬರೆದ ಉತ್ತರ ಇನ್ನೂ ಇದೆ. 'ಧೈರ್ಯವಾಗಿರು ಪುಟ್ಟಾ, ಕೆಲವರ ಬುದ್ಧಿಯೇ ಹಾಗೆ.' ಈಗ ಅಳಿಸೋಣ ಎಂದರೆ ನೀನೇ ಬೇಡ ಎಂದೆ. ಅದನ್ನು ಬರೆದ ಕೈ ನನ್ನದೇ ಎಂದು ನೆನೆದರೆ —

ವರ್ಷಗಳು ಹೋದವು. ಈಚೆಗೆ ಬ್ಲಾಗನ್ನು ಬೇರೆ ಕಡೆಗೆ ಸಾಗಿಸುವಾಗ ಹಳೆಯ ಪುಟಗಳನ್ನೆಲ್ಲ ಒಮ್ಮೆ ನೋಡಬೇಕಾಯಿತು. ನನ್ನದೇ ಖಾಸಗಿತನದ ನೀತಿಯನ್ನು ಆಗ ಮೊದಲ ಸಲ ಓದಿದೆ. 'ನಿಮ್ಮ ಮಾಹಿತಿಯನ್ನು ನಾನು ಯಾರೊಂದಿಗೂ ಹಂಚಿಕೊಳ್ಳುವುದಿಲ್ಲ.' ಕೆಳಗೆ ನನ್ನ ಹೆಸರು. ನಿನ್ನ ಇಮೇಲಿಗೆ ಬರೆದು ನಂಬರ್ ಕೇಳಿ ಪಡೆದು, ನಿನಗೆ ಫೋನ್ ಮಾಡಿದೆ.

ನೀನು ಬೈಯಲಿಲ್ಲ. "ನಂಗ್ ಹೇಳಿದ್ದು ಸಾಲಲ್ಲ ಮೇಡಂ. ಚಿಕ್ಕಮ್ಮಂಗೆ ನೀವೇ ಹೋಗಿ ಹೇಳ್ಬೇಕು" ಎಂದೆ. ಸರಿಯಾದದ್ದನ್ನೇ ಕೇಳಿದೆ. ಅಷ್ಟೇ ಅಲ್ಲ, ಮುಂದಿನ ವಾರ ತುಮಕೂರಿಗೆ ಬಂದು ನನ್ನ ಪಕ್ಕದಲ್ಲಿ ಕೂತು, ಉಳಿಸಿಕೊಂಡಿದ್ದ ಇಮೇಲ್‌ಗಳನ್ನೆಲ್ಲ ಅಳಿಸಿದೆ, ಇಮೇಲ್ ಕೇಳುವ ಡಬ್ಬಿಯನ್ನೇ ತೆಗೆಸಿದೆ. ಈಗ ಇಲ್ಲಿ ಬರೆಯುವವರು ಯಾರೆಂದು ನನಗೂ ತಿಳಿಯುವುದಿಲ್ಲ. ನಿನಗೆ ಅನ್ಯಾಯ ಮಾಡಿದವಳಿಗೆ ನೀನು ಇಷ್ಟು ಮಾಡಿದೆ. ನಿನ್ನ ಋಣ ದೊಡ್ಡದು ಮಗಳೇ. ದಿನವೂ ನೆನೆಯುತ್ತೇನೆ.

ಹೆಬ್ಬೂರಿಗೆ ಬಸ್ಸಿನಲ್ಲಿ ಹೋದೆ. ನಿನ್ನ ಚಿಕ್ಕಮ್ಮ ಹಿಂಡಿದ ಹಾಲನ್ನು ಡೈರಿಗೆ ಹಾಕಿ ಆಗಷ್ಟೇ ಬಂದಿದ್ದರು. ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಇವತ್ತಾದ್ರೂ ಬಂದು ಹೇಳಿದ್ರಲ್ಲ, ಬುಡಿ" ಎಂದರು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಒಳಗೆ ಹೋಗಿ ನನಗೆ ಮಜ್ಜಿಗೆ ತಂದುಕೊಟ್ಟರು. ಆಮೇಲೆ ಫೋನ್ ತೆಗೆದು ನಿಮ್ಮಮ್ಮನಿಗೆ ಮಾಡಿ, ನನಗೂ ಕೇಳಲೆಂದು ಸ್ಪೀಕರಿಗೆ ಹಾಕಿದರು.

"ನಾನಲ್ಲ ಕಣಕ್ಕ ಹೇಳಿದ್ದು. ಹೇಳ್ದೋರು ಇಲ್ಲೇ ಕೂತವ್ರೆ. ಕೇಳು."

ನಾನು ಮತ್ತೆ ಎಲ್ಲ ಹೇಳಿದೆ. ನಿಮ್ಮಮ್ಮ, ನನ್ನನ್ನಲ್ಲ, ತಂಗಿಯನ್ನು ಕೇಳಿದರು:

"ಉಂಡ್ಯಾ?"

ನಿನ್ನ ಚಿಕ್ಕಮ್ಮ "ಇಲ್ಲ ಕಣಕ್ಕ" ಎಂದು ಬಿಕ್ಕಿದರು. ಆ ಒಂದು ಮಾತು ಕೇಳಲು ಅವರು ಇಷ್ಟು ವರ್ಷ ಕಾಯಬೇಕಾದದ್ದು ನನ್ನಿಂದಾಗಿ.