ಬೈತಲೆಯ ಮೇಲಿನ ಬಿಸಿಲು

ನಾನು ಓದು ನಿಲ್ಲಿಸಿದ್ದು ಎಪ್ಪತ್ತಮೂರರಲ್ಲಿ, ಗುಬ್ಬಿಯ ಹೈಸ್ಕೂಲಿನ ಒಂಬತ್ತನೆಯ ತರಗತಿಗೆ. ಪುಸ್ತಕ ಚಿಕ್ಕಪ್ಪನ ಮಗನ ಪಾಲಾಯಿತು, ಗಣಿತ ಮರೆತುಹೋಯಿತು. ಶಾಲೆಯಿಂದ ನನ್ನೊಡನೆ ಉಳಿದು ಬಂದದ್ದು ಎಡಕ್ಕೆ ತೆಗೆದ ನೇರವಾದ ಬೈತಲೆಯೊಂದೇ. ನಿಟ್ಟೂರಿನ ಮಂಡಿಯ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುವ ಕೆಲಸಕ್ಕೆ ನಿಂತ ಮೇಲೂ ಬೆಳಿಗ್ಗೆ ತಲೆಗೆ ನೀರು ಹಚ್ಚಿ, ಬಾಚಣಿಗೆಯಿಂದ ಆ ಗೆರೆ ಎಳೆದುಕೊಂಡೇ ಹೊರಡುತ್ತಿದ್ದೆ. ನೋಡಿದವರು ಇವನು ನಾಲ್ಕಕ್ಷರ ಕಲಿತವನು ಅನ್ನಬೇಕು, ಅಷ್ಟೇ ನನ್ನ ಆಸೆ.

ಆದರೆ ಸ್ನೇಹಿತರೇ, ಬಿಸಿಲಿಗೆ ಬೈತಲೆಯೆಂದರೆ ಬೇಲಿಯಿಲ್ಲದ ಹೊಲ. ಕೂದಲಿನ ನಡುವೆ ತಡವರಿಸುವ ಬಿಸಿಲು ಆ ಬಿಳಿ ಗೆರೆಯ ಮೇಲೆ ನಿರಾತಂಕವಾಗಿ ನಡೆದಾಡುತ್ತದೆ. ನೆಲಕ್ಕೆ ನೆಟ್ಟ ಕಬ್ಬಿಣದ ಸುಲಿಗೋಲಿನ ಮೇಲೆ ಬಗ್ಗಿ ಬಗ್ಗಿ ಕಾಯಿ ಸುಲಿಯುವವನ ನೆತ್ತಿಯಂತೂ ದಿನವಿಡೀ ಸೂರ್ಯನಿಗೇ ಒಡ್ಡಿದ್ದು. ಮೊದಲು ಗೆರೆ ಕೆಂಪಾಯಿತು, ಆಮೇಲೆ ಹುರಿದ ಹುಣಸೆಬೀಜದಂತೆ ಸಿಪ್ಪೆ ಬಿಟ್ಟಿತು, ಇಕ್ಕೆಲಗಳ ಕೂದಲು ಸದ್ದಿಲ್ಲದೆ ಹಿಂದೆ ಸರಿಯಿತು.

ಪಕ್ಕದ ಸುಲಿಗೋಲು ರಂಗಪ್ಪನದು. ಅವನು ನೆತ್ತಿಗೆ ಹರಳೆಣ್ಣೆ ತಟ್ಟಿ, ಮೇಲೊಂದು ಹರಳೆಲೆ ಮುಚ್ಚಿ, ನೀರಿನಲ್ಲಿ ಅದ್ದಿ ಹಿಂಡಿದ ಟವಲು ಸುತ್ತಿಕೊಳ್ಳುತ್ತಿದ್ದ. ಮಂಡಿಯ ಸಾಹುಕಾರರು ಅಂಗಳಕ್ಕೆ ಬಂದರೆ ತಲೆಗೆ ಸುತ್ತಿದ್ದನ್ನು ಬಿಚ್ಚಿ ಹೆಗಲಿಗೆ ಹಾಕಿಕೊಳ್ಳುವುದು ನಮ್ಮ ಕಡೆಯ ರೂಢಿ. ಕಟ್ಟಿದರೆ ತಾನೆ ಬಿಚ್ಚಬೇಕು ಎಂದು ನಾನು ಕಟ್ಟಲೇ ಇಲ್ಲ.

ಎಂಬತ್ತರ ಆಸುಪಾಸಿನಲ್ಲಿ ಕುಣಿಗಲ್ ಕಡೆಯ ಜಯಮ್ಮ ನನ್ನ ಹೆಂಡತಿಯಾಗಿ ಬಂದಳು. ಒಂದು ಮಧ್ಯಾಹ್ನ ಅವಳು ಬುತ್ತಿ ತಂದಿದ್ದಾಗಲೇ ಸಾಹುಕಾರರು ಬಂದರು, ರಂಗಪ್ಪ ಟವಲು ಬಿಚ್ಚಿದ. ಮಿಂದ ಎಮ್ಮೆಯ ಮೈಯಂತೆ ಮಿರಿಮಿರಿ ಮಿಂಚುವ ಗುಂಗುರು ಕೂದಲು ಕತ್ತಿನ ತನಕ ಇಳಿಯಿತು.

“ಏನ್ ಕೂದ್ಲು ಕಣ್ರೀ ರಂಗಣ್ಣಂದು,” ಅಂದಳು ಜಯಮ್ಮ, ನನ್ನ ಮುಂದೆ ಮುದ್ದೆ ಇಡುತ್ತ.

ಹೊಟ್ಟೆಕಿಚ್ಚು ಹೊಟ್ಟೆಯಲ್ಲಿ ಹುಟ್ಟುತ್ತದೆ ಎನ್ನುತ್ತಾರೆ. ನನ್ನದು ನೆತ್ತಿಯಲ್ಲಿ ಹುಟ್ಟಿ ಕೆಳಗಿಳಿಯಿತು. ಅವನ ಹೊಲವಾಗಲಿ ಹಸುವಾಗಲಿ ನನಗೆ ಬೇಕೆನಿಸಿದ್ದಿಲ್ಲ. ಅವನಿಗಿಂತ ಹೆಚ್ಚು ಕಾಯಿ ಸುಲಿಯುವವನು ನಾನು, ಅಂಗಳಕ್ಕೆಲ್ಲ ಪೇಪರು ಓದಿ ಹೇಳುವವನು ನಾನು. ಆದರೂ ನನ್ನ ಹೆಂಡತಿಯ ಕಣ್ಣು ಹೆಬ್ಬೆಟ್ಟು ಒತ್ತುವವನ ತಲೆಯ ಮೇಲೆ.

ಮುಂದಿನ ಬೇಸಿಗೆಯಲ್ಲಿ ನೆತ್ತಿ ಬೊಬ್ಬೆಯೆದ್ದು ಬಾಚಣಿಗೆ ತಾಗಿಸಲೂ ಆಗಲಿಲ್ಲ. ನಾನೇ ಟವಲು ಸುತ್ತಿಕೊಂಡರೆ ಬಗ್ಗಿದಾಗೆಲ್ಲ ಗಂಟು ಜಾರಿ ಕಣ್ಣಿಗೆ ಬೀಳುತ್ತಿತ್ತು.

“ರಂಗಣ್ಣನ್ ಕೈಲಿ ಕಟ್ಟುಸ್ಕೊಳಿ. ಇಲ್ಲಾಂದ್ರೆ ನಾನೇ ಕೇಳ್ತೀನಿ,” ಅಂದಳು ಜಯಮ್ಮ.

ಅವಳು ಅವನನ್ನು ಕೇಳುವುದಕ್ಕಿಂತ ನಾನೇ ಕೇಳುವುದು ಮೇಲೆನಿಸಿತು.

“ಏನ್ಲಾ, ಕ್ರಾಪು ಕೆಡಲ್ವಾ?” ಅಂದ ರಂಗಪ್ಪ.

“ಸುಮ್ನೆ ಕಟ್ಟೋ.”

“ಕಟ್ತೀನಿ ಬುಡು. ಇನ್ನೊಂದು ವರ್ಸ ತಡ ಮಾಡಿದ್ರೆ ನಿನ್ ಬೈತಲೇಲಿ ಎತ್ತಿನ ಗಾಡಿ ಓಡಾಡ್ಬೋದು.”

ಹರಳೆಲೆಯ ತಂಪು ನೆತ್ತಿಯಿಂದ ಕಣ್ಣಿಗಿಳಿದಾಗ, ಇಷ್ಟು ವರ್ಷ ಈ ಸುಖವನ್ನು ಇವನೊಬ್ಬನೇ ಉಂಡನಲ್ಲ ಎಂದು ಮತ್ತೆ ಉರಿಯಿತು. ಅಷ್ಟರಲ್ಲಿ ಸಾಹುಕಾರರು ಕೊಡೆ ಹಿಡಿದು ಬಂದರು. ರಂಗಪ್ಪ ತನ್ನ ಟವಲು ಬಿಚ್ಚಿದ. ಲಾರಿಯ ವಿಷಯ ಹೇಳುತ್ತಿದ್ದ ಸಾಹುಕಾರರ ಮಾತು ನಿಂತು, ಅವರ ಕೈ ತಮ್ಮದೇ ಬೋಳುತಲೆಗೆ ಹೋಯಿತು.

“ತಲೆಗೇನ್ ಹಚ್ತೀಯೋ ರಂಗ?”

“ಹರಳೆಣ್ಣೆ ಬುದ್ದಿ. ಬಿಸ್ಲು ಬೀಳ್ದಂಗೆ ಮುಚ್ಕತೀನಿ, ಅಷ್ಟೆಯ.”

ನಾನು ಇಷ್ಟು ದಿನ ತಲೆತಗ್ಗಿಸುವ ಗಳಿಗೆ ಎಂದುಕೊಂಡಿದ್ದೇ ಅವನು ಅಂಗಳದ ಕಣ್ಣನ್ನೆಲ್ಲ ಗೆಲ್ಲುವ ಗಳಿಗೆಯಾಗಿತ್ತು. ನಾನು ಮಾತ್ರ ಬಿಚ್ಚಲಿಲ್ಲ. ಅಭಿಮಾನದಿಂದಲ್ಲ, ಬಿಚ್ಚಿ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಈಗ ನನಗಿರುವುದು ಎರಡು ಟವಲು, ಹಿತ್ತಿಲಲ್ಲಿ ಒಂದು ಹರಳು ಗಿಡ, ಕಿವಿಗಳ ಮೇಲೆ ಎರಡು ಹಿಡಿ ಕೂದಲು, ಮತ್ತು ರಂಗಪ್ಪ ಟವಲು ಬಿಚ್ಚುವ ಹೊತ್ತಿಗೆ ಸರಿಯಾಗಿ ಬುತ್ತಿ ತರುವ ಹೆಂಡತಿ ಒಬ್ಬಳು.