ಅತ್ತೆಯೂ ಎರಿವಾಯುವೂ

ಮೆಟ್ಟುಪಾಳ್ಯಂ ರಸ್ತೆಯಲ್ಲಿ ಈಚೆಗೆ ಹೊಸ ಬಗೆಯ ಹೋಟೆಲುಗಳು ಎದ್ದಿವೆ. ಬೋರ್ಡಿನ ಮೇಲೆ ದಪ್ಪ ತಮಿಳು ಅಕ್ಷರಗಳಲ್ಲಿ ‘ವಿರಗಡುಪ್ಪು ಸಮಯಲ್’ ಎಂದಿರುತ್ತದೆ. ಸೌದೆ ಒಲೆಯ ಅಡುಗೆ ಎಂದರ್ಥ. ಗ್ಯಾಸಿನಲ್ಲಿ ಬೇಯಿಸಿದ್ದಕ್ಕಿಂತ ಇದಕ್ಕೆ ಗಿರಾಕಿ ಜಾಸ್ತಿ. ಹೋದ ಭಾನುವಾರ ಮಗ ನನ್ನನ್ನು ಅಂಥದೊಂದಕ್ಕೆ ಕರೆದುಕೊಂಡು ಹೋದ. ಕಾರಿನ ಬಾಗಿಲು ತೆರೆದದ್ದೇ ತಡ, ಹೊಗೆ ಮೂಗಿಗಿಂತ ಮೊದಲು ನನ್ನ ಕಣ್ಣಿಗೆ ತಾಗಿತು. ಸೂಪರ್ ಸ್ಮೆಲ್ ಅಲ್ವಾ ಅಂದ ಮಗ. ಹೌದು ಅಂದೆ. ಸುಳ್ಳಲ್ಲ, ಬಾಯಲ್ಲಿ ನೀರೂರಿತ್ತು. ಆದರೆ ಕೆಮಿಸ್ಟ್ರಿ ಓದಿದ ಹೆಂಗಸು ನೋಡಿ ನಾನು, ಆ ಸೂಪರ್ ಸ್ಮೆಲ್ಲಿನೊಳಗೆ ಏನೇನಿದೆ ಎಂದು ಗೊತ್ತಿರುವುದೇ ನನ್ನ ಕಷ್ಟ.

ಕೊಯಮತ್ತೂರಿನ ಕಾನ್ವೆಂಟಿನಲ್ಲಿ ನಮಗೆ ಗಾಳಿಯ ಪಾಠ ಮಾಡಿದವರು ಒಬ್ಬ ಎತ್ತರದ ಸಿಸ್ಟರ್. ಖಾಲಿ ಗಾಜಿನ ಜಾಡಿಯನ್ನು ಮೇಲೆತ್ತಿ ಹಿಡಿದು, “ಗರ್ಲ್ಸ್, ದಿಸ್ ಈಸ್ ನಾಟ್ ಎಂಪ್ಟಿ” ಎನ್ನುತ್ತಿದ್ದರು. ಗಾಳಿಯನ್ನು ಐದು ಪಾಲು ಮಾಡಿದರೆ ಹೆಚ್ಚುಕಡಿಮೆ ನಾಲ್ಕು ಪಾಲು ನೈಟ್ರೋಜನ್, ಒಂದು ಪಾಲು ಆಕ್ಸಿಜನ್, ಮಿಕ್ಕಿದ್ದು ಚಿಲ್ಲರೆ. ಉರಿಸುವುದು, ಉಸಿರಾಡಿಸುವುದು, ಕಬ್ಬಿಣಕ್ಕೆ ತುಕ್ಕು ಹಿಡಿಸುವುದು ಎಲ್ಲ ಆಕ್ಸಿಜನ್ನಿನ ಕಾರುಬಾರು. ನೈಟ್ರೋಜನ್ ಇನರ್ಟ್, ಯಾರ ತಂಟೆಗೂ ಹೋಗದು. ಆದರೆ ಅದು ಸುಮ್ಮನೆ ನಡುವೆ ತುಂಬಿಕೊಂಡಿರದಿದ್ದರೆ ಒಂದು ಕಿಡಿಗೆ ಊರೇ ಹೊತ್ತಿಕೊಳ್ಳುತ್ತಿತ್ತು. ಇದನ್ನೆಲ್ಲ ನಾನು ಕಲಿತದ್ದು ಇಂಗ್ಲಿಷಿನಲ್ಲಿ, ಜಗಳವಾಡಲು ಕಲಿತದ್ದು ತಮಿಳಿನಲ್ಲಿ. ಕನ್ನಡ ಅಕ್ಷರಗಳನ್ನು ಮನೆಯಲ್ಲಿ ಅಪ್ಪ ಕಲಿಸಿದರು. ಈ ಬರಹದಲ್ಲಿ ತಪ್ಪು ಕಂಡರೆ ದಯವಿಟ್ಟು ಅವರ ಲೆಕ್ಕಕ್ಕೆ ಹಾಕಿ.

ಮದುವೆಯಾಗಿ ಅಲ್ಲೇ ಹತ್ತಿರದ ಅನ್ನೂರಿನ ಮನೆಗೆ ಬಂದಾಗ ಸಿಸ್ಟರ್ ಪಾಠ ಕಣ್ಣೆದುರಿಗೇ ಕಂಡಿತು. ಮಾವ ನೈಟ್ರೋಜನ್. ಹಜಾರದ ತುಂಬ ಅವರೇ, ಆದರೆ ಮಾತಿಲ್ಲ, ಕತೆಯಿಲ್ಲ. ಅತ್ತೆ ಆಕ್ಸಿಜನ್. ಹೊಲದ ಜೋಳದಿಂದ ಹಿಡಿದು ನನ್ನ ಜಡೆಯವರೆಗೆ ಎಲ್ಲವೂ ಅವರು ಮುಟ್ಟಿದರೆ ಮಾತ್ರ ಚುರುಕಾಗುತ್ತಿತ್ತು. ನನ್ನ ಗಂಡನಿಗೆ ಈ ಹೋಲಿಕೆ ಹೇಳಿದ್ದಕ್ಕೆ, ಹಾಗಾದರೆ ನಾನು ಯಾವ ಗ್ಯಾಸ್ ಎಂದು ಕೇಳಿ ಎರಡು ದಿನ ಮುನಿಸಿಕೊಂಡಿದ್ದರು.

ಊರಿನ ಗಾಳಿಯಲ್ಲಿ ಸಿಸ್ಟರ್ ಹೇಳದ ಪಾಲೊಂದಿತ್ತು, ಹತ್ತಿ. ಸಣ್ಣ ಮಿಲ್ಲುಗಳಿಂದ ಶಿಫ್ಟು ಮುಗಿಸಿ ಟೌನ್ ಬಸ್ಸಿನಿಂದಿಳಿಯುವ ಹೆಂಗಸರ ತಲೆಯ ಮೇಲೆಲ್ಲ ಬಿಳಿಯ ನಾರು ಕೂತಿರುತ್ತಿತ್ತು. ಚಿಕ್ಕವರೂ ದೊಡ್ಡವರೂ ಒಂದೇ ವಯಸ್ಸಿನವರಂತೆ ಕಾಣುತ್ತಿದ್ದರು. ಪಾಪ, ಅವರಿಗೂ ಕೆಮ್ಮು. ಆದರೆ ಮಿಲ್ಲಿಗೆ ಕಾಲಿಡದ ನಮ್ಮ ಅತ್ತೆಗೆ ಅವರಿಗಿಂತ ಜೋರು ಕೆಮ್ಮಿತ್ತು. ಅವರ ಮಿಲ್ಲು ಅಡುಗೆಮನೆ. ಹೆಂಚಿನಲ್ಲಿ ಒಂದು ಕಿಂಡಿ ಬಿಟ್ಟರೆ ಹೊಗೆಗೆ ಬೇರೆ ದಾರಿಯಿಲ್ಲ. ಒಲೆಗೆ ಹತ್ತಿಕಡ್ಡಿ, ಕಡಲೆಕಾಯಿ ಸಿಪ್ಪೆ. ಗಾಳಿ ಸಾಲದೆ ಅರ್ಧ ಉರಿದ ಸೌದೆ ಮಸಿಯನ್ನೂ ಕಾರ್ಬನ್ ಮಾನಾಕ್ಸೈಡನ್ನೂ ಬಿಡುತ್ತದೆ. ಮಸಿ ಪಾತ್ರೆಯ ತಳದಲ್ಲಿ ಕಾಣುತ್ತದೆ, ತಿಕ್ಕಬಹುದು. ಮಾನಾಕ್ಸೈಡ್ ಕಣ್ಣಿಗೆ ಕಾಣದು, ವಾಸನೆಯಿಲ್ಲ, ನೇರವಾಗಿ ರಕ್ತಕ್ಕೆ ಹೋಗಿ ಆಕ್ಸಿಜನ್ ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ. ಕೊಯಮತ್ತೂರಿನ ಡಾಕ್ಟರು ಅತ್ತೆಯ ಬೆನ್ನಿಗೆ ಕೊಳವೆಯಿಟ್ಟು ಕೇಳಿ, ಹೊಗೆ ನಿಲ್ಲದಿದ್ದರೆ ಈ ಶ್ವಾಸಕೋಶ ಹೆಚ್ಚು ವರ್ಷ ಬಾಳುವುದಿಲ್ಲ ಎಂದು ನನ್ನನ್ನೂ ಗಂಡನನ್ನೂ ಬೇರೆಯಾಗಿ ಕರೆದು ಹೇಳಿದರು.

ಗಂಡ ಓಡಾಡಿ ಗ್ಯಾಸ್ ಒಲೆ ತಂದರು. ಅತ್ತೆ ಅದಕ್ಕೆ ಕುಂಕುಮವಿಟ್ಟು, ಮೇಲೊಂದು ಕಸೂತಿ ಬಟ್ಟೆ ಹೊದಿಸಿ, ಹಜಾರದ ಮೂಲೆಯಲ್ಲಿ ಕೂರಿಸಿದರು. ಹಚ್ಚಲು ಬಿಡಲಿಲ್ಲ. ತಪ್ಪು ಅವರದಲ್ಲ, ಒಂದು ಪದದ್ದು. ಮನೆಯಲ್ಲಿ ಮಾತು ಕನ್ನಡವಾದರೂ ಅತ್ತೆಗೆ ಓದಲು ಬರುತ್ತಿದ್ದದ್ದು ತಮಿಳು ಮಾತ್ರ. ಸಿಲಿಂಡರಿನ ಜೊತೆ ಬಂದ ಕಾಗದದ ಮೇಲೆ ‘ಎರಿವಾಯು’ ಎಂದಿತ್ತು. ತಮಿಳಿನಲ್ಲಿ ಅಡುಗೆ ಅನಿಲಕ್ಕೆ ಅದೇ ಹೆಸರು, ಉರಿಯುವ ವಾಯು. ನಮ್ಮ ಮನೆಯಲ್ಲೋ ವಾಯು ಎಂದರೆ ಒಂದೇ ಅರ್ಥ. ಅದು ಮಾವನ ಹೊಟ್ಟೆಯಲ್ಲಿ ಇರುವುದು. ಮಾವನಿಗೆ ಬೇಳೆ ಆಗದು, ಆಲೂಗಡ್ಡೆ ಆಗದು. ತಿಂದರೆ ಹೊಟ್ಟೆ ಉಬ್ಬಿ ಎದೆ ಉರಿಯುತ್ತಿತ್ತು. ಅವರ ಆ ಹೊಟ್ಟೆಯನ್ನು ಅತ್ತೆ ಮದುವೆಯಾದಾಗಿನಿಂದ ಕಾಯುತ್ತಾ ಬಂದಿದ್ದರು.

“ಒಳಗಿರೋ ವಾಯುನೇ ಎರೀತದೆ ಕಣ್ಣು,” ಎಂದರು ನನಗೆ. ಪ್ರೀತಿ ಬಂದಾಗ ಆ ಸೀಮೆಯವರೆಲ್ಲ ಕರೆಯುವಂತೆ ಅವರೂ ನನ್ನನ್ನು ಕಣ್ಣು ಎಂದೇ ಕರೆಯುತ್ತಿದ್ದರು. “ಅದರ ಮೇಲೆ ಎರಿವಾಯುಲಿ ಬೇರೆ ಬೇಯ್ಸಿ ಇಕ್ಕೋದಾ ನಿಮ್ಮ ಮಾವನಿಗೆ?”

ನಾನು ಸುಮ್ಮನಿರುತ್ತೇನೆಯೇ? ಸೈನ್ಸ್ ಗ್ರಾಜುಯೇಟ್. ಸಿಸ್ಟರ್ ಮಾಡುತ್ತಿದ್ದ ಹಾಗೆಯೇ ಡೆಮಾನ್‌ಸ್ಟ್ರೇಷನ್ ಮಾಡಲು ಹೊರಟೆ. ಮೇಣದಬತ್ತಿ ಹಚ್ಚಿ ಗಾಜಿನ ಬಾಟಲಿ ಬೋರಲು ಹಾಕಿ, ಅತ್ತೇ, ಈಗ ನೋಡ್ತಾ ಇರಿ ಎಂದೆ. ಜ್ವಾಲೆ ಸಣ್ಣಗಾಯಿತು, ಬಾಗಿತು. ನಾನು ಆಕ್ಸಿಜನ್ ಎಂದು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕೈಚಾಚಿ ಬಾಟಲಿಯನ್ನು ಎತ್ತಿಬಿಟ್ಟರು.

“ಪಾವ, ಮೂಚ್ಚು ಕಟ್ಟುತ್ತೆ ಅದಕ್ಕೆ.”

ಪಾವ ಎಂದರೆ ಪಾಪ, ಮೂಚ್ಚು ಎಂದರೆ ಉಸಿರು. ನಿಮಗೂ ಹಾಗೇ ಕಟ್ಟುತ್ತಾ ಇರೋದು ಅತ್ತೆ ಎಂದೆ. ಅವರು ಕೆಮ್ಮುತ್ತಲೇ ನಕ್ಕರು. “ನಾನೇನು ಬಾಟ್ಲಿ ಒಳಗಾ ಇದ್ದೀನಿ?” ಬತ್ತಿ ಮತ್ತೆ ಚೆನ್ನಾಗಿ ಉರಿಯತೊಡಗಿತು. ಲೈಟು ಹೋದಾಗ ಬೇಕಾಗುತ್ತೆ ಎಂದು ಅದನ್ನು ಊದಿ ಆರಿಸಿ ಎತ್ತಿಟ್ಟರು. ನನ್ನ ಡೆಮಾನ್‌ಸ್ಟ್ರೇಷನ್ ಅಲ್ಲಿಗೆ ಮುಗಿಯಿತು.

ದೀಪಾವಳಿ ಬರುವ ಐಪ್ಪಸಿ ತಿಂಗಳ ಮಳೆ ಹಿಡಿಯಿತು. ಹತ್ತಿಕಡ್ಡಿಗಳೆಲ್ಲ ನೆನೆದು ಉರಿಯದೆ ಬರೀ ಹೊಗೆಯುಗುಳಿದವು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಊದುಗೊಳವೆಯ ಸದ್ದು ನಿಂತು, ಕೆಮ್ಮು ಶುರುವಾಗಿ, ಆಮೇಲೆ ಕೆಮ್ಮೂ ನಿಂತಿತು. ನಾನು ಓಡಿ ಹೋದಾಗ ಅತ್ತೆ ಗೋಡೆಗೊರಗಿ ಕೂತಿದ್ದರು. ತುಟಿಗೆ ನೇರಳೆ ಬಣ್ಣ ಬಂದಿತ್ತು, ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ. ಎತ್ತಿ ಜಗಲಿಗೆ ತಂದೆ. ಬೆನ್ನು ನೀವುತ್ತ ಇದ್ದಾಗ ಮಾವ ನಮ್ಮನ್ನು ದಾಟಿ ಒಳಗೆ ಹೋದರು. ಅಡುಗೆಮನೆಯ ಹೊಸಿಲನ್ನು ಅವರು ದಾಟಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಒಲೆಯಿಂದ ಹೊಗೆಯಾಡುವ ಕಡ್ಡಿಗಳನ್ನು ಬರಿಗೈಯಲ್ಲಿ ಹಿರಿದು ತಂದು ಮಳೆ ಸುರಿಯುವ ಅಂಗಳಕ್ಕೆ ಎಸೆದರು. ಎಲ್ಲ ಮುಗಿದ ಮೇಲೆ ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತರು.

“ನಂಗೆ ವಾಯು ಬಂದ್ರೆ ಬರ್ಲಿ. ಶುಂಠಿ ಕುಟ್ಟಿ ಸುಕ್ಕು ಕಾಫಿ ಕುಡ್ಕೋತೀನಿ. ನೀ ಮೂಚ್ಚು ಎಳ್ಕೋ.”

ಮಿಂಚು ಹೊಡೆದಾಗ ನೈಟ್ರೋಜನ್ನೂ ಆಕ್ಸಿಜನ್ನಿನ ಜೊತೆ ಕೂಡುತ್ತದೆ ಎಂದು ಸಿಸ್ಟರ್ ಹೇಳಿದ್ದರು. ಕೂಡಿ, ಮಳೆಯ ಜೊತೆ ಹೊಲಕ್ಕಿಳಿಯುತ್ತದಂತೆ. ಪರೀಕ್ಷೆಯಲ್ಲಿ ಈಕ್ವೇಷನ್ ಸಮೇತ ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದೆ. ಅರ್ಥವಾದದ್ದು ಆ ಜಗಲಿಯ ಮೇಲೆ.

ಅಂದು ಮಧ್ಯಾಹ್ನವೇ ನೀಲಿ ಜ್ವಾಲೆಯ ಮೇಲೆ ಅನ್ನವಾಯಿತು. ಗ್ಯಾಸಿನ ಅಡುಗೆಯಿಂದ ಹೊಟ್ಟೆಯಲ್ಲಿ ಗ್ಯಾಸ್ ಆಗುವುದಿಲ್ಲ ಎಂದು ನಾನು ಈಗಲೂ ಎಲ್ಲಿ ಬೇಕಾದರೂ ವಾದಿಸಬಲ್ಲೆ. ಆದರೆ ಮಾವನ ಹೊಟ್ಟೆ ಮೊದಲು ಹೇಗಿತ್ತೋ ಆಮೇಲೂ ಹಾಗೆಯೇ ಇತ್ತು. ತೇಗು ಕೇಳಿದರೆ ಅತ್ತೆ ಮತ್ತೆ ಸೌದೆ ಹಚ್ಚಿಯಾರೆಂದು ಅವರು ಊಟವಾದ ಕೂಡಲೆ ಎದ್ದು ದನದ ಕೊಟ್ಟಿಗೆಯ ಹಿಂದಕ್ಕೆ ಹೋಗಿ ತೇಗಿ ಬರುತ್ತಿದ್ದರು. ಒಂದು ದಿನ ಅತ್ತೆ ನನ್ನ ಕಿವಿಯ ಹತ್ತಿರ ಬಾಗಿ, “ನಂಗೆ ಕೇಳ್ಸುತ್ತೆ. ನೀ ಹೇಳ್ಬೇಡ” ಎಂದರು. ಮರುದಿನದಿಂದ ಸಾರಿನಲ್ಲಿ ಬೇಳೆ ಇನ್ನಷ್ಟು ಕಡಿಮೆಯಾಯಿತು.

ಕೆಟ್ಟ ಶ್ವಾಸಕೋಶ ಪೂರ್ತಿ ಸರಿಹೋಗುವುದಿಲ್ಲ. ಆದರೂ ಡಾಕ್ಟರು ಹೇಳಿದ್ದಕ್ಕಿಂತ ಬಹಳ ವರ್ಷ ಅತ್ತೆ ಇದ್ದರು. ನನ್ನ ಮಗನನ್ನು ಸೊಂಟದ ಮೇಲೆ ಹೊತ್ತು ತಿರುಗುವಷ್ಟು ಉಸಿರು ಅವರಿಗೆ ಉಳಿದಿತ್ತು.

ಆ ಮಗ ಈಗ ಹೋಟೆಲಿನಲ್ಲಿ ಕೂತು ಮೆನು ನೋಡುತ್ತಿದ್ದ. ಕೈ ತೊಳೆದು ಬರುತ್ತೇನೆಂದು ಹೇಳಿ ನಾನು ಹೋಟೆಲಿನ ಹಿಂದಕ್ಕೆ ನಡೆದೆ. ತಗಡಿನ ಮಾಡಿನ ಕೆಳಗೆ ಸಾಲು ಒಲೆಗಳು, ಅವುಗಳ ಮುಂದೆ ಮೂಗಿಗೆ ಟವೆಲು ಸುತ್ತಿಕೊಂಡ ಹೆಂಗಸು. ನನ್ನ ಸೊಸೆಯ ವಯಸ್ಸಿರಬಹುದು. ಕಣ್ಣು ಕೆಂಪಗಾಗಿತ್ತು. ಹೇಳಬಹುದಾದದ್ದೆಲ್ಲ ನನ್ನ ನಾಲಿಗೆಯ ತುದಿಗೆ ಬಂತು, ಪಾರ್ಟಿಕ್ಯುಲೇಟ್ಸ್, ಮಾನಾಕ್ಸೈಡ್, ಎಲ್ಲ. ನುಂಗಿಕೊಂಡೆ. ಮೆಟ್ಟಿಲು ಇಳಿಯಲು ಕಾಲು ನಡುಗುತ್ತದೆ, ಸ್ವಲ್ಪ ಆ ಬೇವಿನ ಮರದವರೆಗೆ ಕೈ ಹಿಡಿದು ಬಿಡಮ್ಮಾ ಎಂದು ತಮಿಳಿನಲ್ಲಿ ಕೇಳಿದೆ. ನನ್ನ ಕಾಲಿಗೆ ಏನೂ ಆಗಿಲ್ಲ. ಮುದುಕಿಯರಿಗೆ ಯಾರೂ ಇಲ್ಲ ಅನ್ನುವುದಿಲ್ಲ, ಮುಪ್ಪಿನ ಲಾಭ ಅದೊಂದು.

ಮರದಡಿ ಬೆಟ್ಟದ ಕಡೆಯಿಂದ ಗಾಳಿ ಬೀಸುತ್ತಿತ್ತು. ಅವಳು ಟವೆಲನ್ನು ಕುತ್ತಿಗೆಗೆ ಇಳಿಸಿದಳು. ಕೆಮ್ಮಿದಳು, ಉಗಿದಳು, ಆಮೇಲೆ ಉದ್ದಕ್ಕೆ ಒಮ್ಮೆ ಉಸಿರು ಎಳೆದುಕೊಂಡಳು. ನೀವು ಯಾವೂರು ಪಾಟಿ ಎಂದು ಸ್ವಂತ ಅಜ್ಜಿಯನ್ನು ಕೇಳುವಂತೆ ಕೇಳಿದಳು. ನಾನು ಅನ್ನೂರಿನಿಂದ ಶುರುಮಾಡಿ, ಸಾಧ್ಯವಾದಷ್ಟು ಉದ್ದವಾಗಿ ಹೇಳತೊಡಗಿದೆ.

ಒಳಗಿನಿಂದ ಮಗ ಬಂದ. “ಅಮ್ಮಾ, ಬಡಿಸಿದ ಸಾಪ್ಪಾಡು ಆರಿ ಹೋಗ್ತಿದೆ.”

“ಆರಲಿ,” ಎಂದೆ. ಅವಳ ಕೈಯನ್ನು ಬಿಡಲಿಲ್ಲ.